ಸೆಕ್ರೆಟರಿ ರಾಮಲಿಂಗಯ್ಯನವರ ಕರೀ ಪರದೆ

ಕಬ್ಬಾಳಮ್ಮನ ಗುಡಿಯ ಮುಂದೆ ಒಂದು ಚಪ್ಪಲಿ ಬಾಗಿಲ ಎಡಕ್ಕೂ ಅದರ ಜೊತೆಯದು ಬಲಕ್ಕೂ ಬಿದ್ದಿದ್ದರೆ, ನಮ್ಮ ಪಾಳ್ಯದ ರಾಮಲಿಂಗಯ್ಯನವರು ಒಳಗೆ ಕೈಮುಗಿದು ನಿಂತಿದ್ದಾರೆ ಎಂದು ತಿಳಿಯಬೇಕು. ಜೋಡಿ ಚಪ್ಪಲಿಗೆ ಕಳ್ಳರಿರುತ್ತಾರೆ, ಒಂಟಿ ಚಪ್ಪಲಿಯನ್ನು ಯಾರು ಮುಟ್ಟುತ್ತಾರೆ ಎಂಬುದು ಅವರ ವಾದ. ಅಷ್ಟು ಮಾಡಿಯೂ ಮಂಗಳಾರತಿಯ ಹೊತ್ತಿಗೆ ಅವರ ಕುತ್ತಿಗೆ ಅರ್ಧ ಹೊರಗೆ ತಿರುಗಿರುತ್ತದೆ.

"ಒಸಿ ದೇವ್ರ ಕಡೆ ನೋಡಿ" ಎಂದು ಹೆಂಡತಿ ತಿವಿದರೆ, "ಅವ್ವ ಎಲ್ಲಿಗೂ ಹೋಗಾಕಿಲ್ಲ, ಚಪ್ಲಿ ಹೋಯ್ತವೆ" ಎನ್ನುತ್ತಾರೆ.

ಈ ಗುಣ ಅವರಿಗೆ ಹುಟ್ಟುತ್ತಲೇ ಬಂದದ್ದೋ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅಂಟಿಕೊಂಡದ್ದೋ ಹೇಳುವುದು ಕಷ್ಟ. ಪ್ರಾಯದಲ್ಲಿ ರೇಷ್ಮೆ ಹುಳು ಸಾಕಿ ಗೂಡು ಮಾರುತ್ತಿದ್ದರು. ನೂಲು ತೆಗೆಯುವ ರೀಲರುಗಳು ಬಂದು ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಮತ್ತೆ ತಟ್ಟೆಗೆ ಹಾಕಿ ಮುಂದೆ ಹೋಗುವುದು ಅಲ್ಲಿಯ ರೂಢಿ. ಎತ್ತಿದ ಹಿಡಿಯಷ್ಟೇ ವಾಪಸ್ಸು ಬಿತ್ತೇ ಎಂಬ ಚಿಂತೆ ರಾಮಲಿಂಗಯ್ಯನವರನ್ನು ತಿನ್ನುತ್ತಿತ್ತು. ಎರಡೂ ಕೈ ಚಾಚಿಕೊಂಡು, ಮರಿಗಳ ಮೇಲೆ ಕೋಳಿ ಕೂತ ಹಾಗೆ ತಟ್ಟೆಯ ಮೇಲೆ ಬಗ್ಗಿ ನಿಲ್ಲುತ್ತಿದ್ದರು.

"ಏನ್ ರಾಮಲಿಂಗಣ್ಣ, ನಾನು ಗೂಡು ನೋಡ್ಬೇಕು, ನೀವು ನನ್ ಕೈ ನೋಡ್ತಾ ಇರ್ತೀರ. ವ್ಯಾಪಾರ ಯಾರು ನೋಡೋದು?" ಎಂದು ರೀಲರ್ ಖಲಂದರ್ ಸಾಹೇಬರು ನಗುತ್ತಿದ್ದರು. ನಕ್ಕು, ಹೋಗುವ ಮೊದಲು ಎರಡೂ ಅಂಗೈ ಬಿಚ್ಚಿ ಇವರ ಮುಖದ ಮುಂದೆ ಹಿಡಿಯುತ್ತಿದ್ದರು. ನೋಡಿಕೊಳ್ಳಿ, ಏನೂ ಇಲ್ಲ ಎಂದು. ಅಷ್ಟಾದರೆ ರಾಮಲಿಂಗಯ್ಯನವರ ಮುಖ ಸಡಿಲವಾಗುತ್ತಿತ್ತು. ಪ್ರಪಂಚದಲ್ಲಿ ತಾನು ನಂಬಿದ ಮನುಷ್ಯ ಖಲಂದರ್ ಸಾಹೇಬರೊಬ್ಬರೇ ಎಂದು ಇವತ್ತಿಗೂ ಹೇಳುತ್ತಾರೆ.

ಇಂಥವರನ್ನು ಹಾಲಿನ ಡೇರಿಗೆ ಸೆಕ್ರೆಟರಿ ಮಾಡಿದ್ದು ನಮ್ಮವರು ಬೇಕೆಂದೇ. ಅವರ ಅನುಮಾನಕ್ಕೆ ನೆಂಟರಿಲ್ಲ, ಇಷ್ಟರಿಲ್ಲ. ತನ್ನ ಮನೆಯ ಹಾಲು ಬಂದರೆ ತಾನು ಕೌಂಟರಿನಿಂದ ಎದ್ದು ದೂರ ನಿಲ್ಲುತ್ತಿದ್ದರು. ಹೆಂಡತಿ ತಂದ ಹಾಲಿನ ಡಿಗ್ರಿ ಕಡಿಮೆ ಬಂದ ದಿನ ಎಲ್ಲರ ಎದುರಿಗೇ, "ನೀರ್ ಹುಯ್ದೆಯಾ?" ಎಂದು ಕೇಳಿ, ಆ ರಾತ್ರಿ ಮನೆಯಲ್ಲಿ ಸಾರಿಲ್ಲದೆ ಉಂಡರು ಎಂಬ ಸುದ್ದಿ ಉಂಟು. ಬೈರಾಪಟ್ಟಣದ ಸುತ್ತಿನಲ್ಲೆಲ್ಲ ನಮ್ಮ ಪಾಳ್ಯದ ಹಾಲಿಗೆ ಒಳ್ಳೆಯ ಹೆಸರು ಬಂದದ್ದು ಹೀಗೆ.

ಡೇರಿಯಲ್ಲಿ ಅವರ ಜೊತೆ ದುಡಿಯುತ್ತಿದ್ದವರು ಸರಸಮ್ಮ. ಡೇರಿ ಇನ್ನೂ ಭಜನೆಮನೆಯ ಜಗುಲಿಯ ಮೇಲಿದ್ದ ಕಾಲದಿಂದ ಹಾಲು ಪರೀಕ್ಷೆ ಮಾಡಿ ಕ್ಯಾನಿಗೆ ಸುರಿಯುವ ಕೆಲಸ ಅವರದೇ. ಸರಸಮ್ಮನ ಮೂಗೇ ಅರ್ಧ ಮಿಷೀನು. ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಹಸು ನಿನ್ನೆ ಏನು ಮೇದಿದೆ ಎಂದು ಹೇಳಿಬಿಡುತ್ತಿದ್ದರು. ಮೈ ಹುಷಾರಿಲ್ಲದಿದ್ದರೂ ಹೊತ್ತಿಗೆ ಮುಂಚೆ ಬಂದು, ಕೌಂಟರಿನ ಪಕ್ಕದ ತಮ್ಮ ಸ್ಟೂಲನ್ನು ಸೆರಗಿನಿಂದ ಒರೆಸಿ ಕೂರುತ್ತಿದ್ದರು. ಅವರ ಸೊಸೆ ನವ್ಯಶ್ರೀ, ಉಯ್ಯಂಬಳ್ಳಿ ಕಡೆಯ ಹುಡುಗಿ, ಕನಕಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಚನ್ನಪಟ್ಟಣದ ಒಂದು ಕಂಪ್ಯೂಟರ್ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಡೇರಿಯ ಹಳೆಯ ಪ್ರೋಗ್ರಾಮು ಕೆಟ್ಟು, ಅದನ್ನು ಹಾಕಿಕೊಟ್ಟವರು ಫೋನು ಎತ್ತದೆ ಹೋದಾಗ, ಅಧ್ಯಕ್ಷ ಬಾಲರಾಜು ನವ್ಯಶ್ರೀಗೆ ಹೇಳಿದ. ಅವಳೇ ಒಂದು ಬರೆದುಕೊಟ್ಟಳು. ಅದರಲ್ಲಿ ಬಣ್ಣ ಇಲ್ಲ, ಚಿತ್ರ ಇಲ್ಲ. ಕಪ್ಪು ಕಿಟಕಿಯೊಂದು ತೆರೆದುಕೊಂಡು ಬಿಳೀ ಅಕ್ಷರ ಓಡುತ್ತದೆ, ಅಷ್ಟೇ. ಊರವರು ಅದನ್ನು ಕರೀ ಪರದೆ ಎಂದರು.

ಒಳಗೆ ಅದು ಕೆಲಸ ಮಾಡುವ ಬಗೆ ಹೀಗೆ. ಕರೀ ಪರದೆಯ ಪ್ರೋಗ್ರಾಮು ಮನೆಯ ಯಜಮಾನತಿಯ ಹಾಗೆ. ತಾನು ಯಾವ ಹಾಲನ್ನೂ ತೂಗುವುದಿಲ್ಲ. ರಾಮಲಿಂಗಯ್ಯನವರು ಹಾಲು ತಂದವರ ನಂಬರು ಒತ್ತಿದ ಕೂಡಲೇ, ಅದು ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ಹುಟ್ಟಿಸಿ, "ಹೋಗು, ಈ ನಂಬರಿನವರ ಹಾಲಿಗೆ ಕಾದು ನಿಲ್ಲು" ಎಂದು ಕಳಿಸುತ್ತದೆ. ಆ ಪುಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಕಿಟಕಿಯಿಲ್ಲ. ತಕ್ಕಡಿಯ ಹತ್ತಿರ ಕಾದಿದ್ದು, ಹಾಲು ಬಿದ್ದು ತೂಕ ನಿಂತ ಮೇಲೆ ಬರೆದಿಟ್ಟು, ಗೋಡೆಯ ಸ್ಪೀಕರಿನಲ್ಲಿ ಹೆಸರನ್ನೂ ಲೀಟರನ್ನೂ ಕೂಗಿ, ಮಾಯವಾಗುತ್ತದೆ. ಕಂಪ್ಯೂಟರಿನವರ ಮಾತಿನಲ್ಲಿ ಮೊದಲನೆಯದು ತಾಯಿ, ಕಳಿಸಿದ್ದು ಮಗು. ತಕ್ಕಡಿ ಹಟ ಮಾಡಿ ಕೂತರೆ ಮಗು ಮಾತ್ರ ಸಿಕ್ಕಿಕೊಳ್ಳಲಿ, ತಾಯಿ ಸಿಕ್ಕಿಕೊಂಡು ಡೇರಿಯೇ ನಿಲ್ಲುವುದು ಬೇಡ ಎಂದು ನವ್ಯಶ್ರೀ ಹೀಗೆ ಮಾಡಿದ್ದಳು. ಇದನ್ನೆಲ್ಲ ಅವಳು ರಾಮಲಿಂಗಯ್ಯನವರಿಗೆ ಮೊದಲ ದಿನವೇ ಬಿಡಿಸಿ ಹೇಳಿದಳು.

"ಕಣ್ಣಿಗ್ ಕಾಣದೆ ಕೆಲ್ಸ ಮಾಡ್ತವೆ ಅಂತೀಯಲ್ಲವ್ವ," ಎಂದರು ಅವರು. "ಕಾಣದೆ ಮಾಡೋ ಕೆಲ್ಸ ಯಾವತ್ತಾರಾ ನೆಟ್ಟಗಿರ್ತದಾ?"

ಸ್ವಲ್ಪ ದಿನ ಎಲ್ಲವೂ ನೆಟ್ಟಗೇ ಇತ್ತು. ಆಮೇಲೆ ಹಾಲು ಕಡಿಮೆ ಬೀಳತೊಡಗಿತು. ಕಂಪ್ಯೂಟರು ಹೇಳಿದ ಹಾಲಿಗೂ ಟ್ಯಾಂಕರು ಒಯ್ದ ಹಾಲಿಗೂ ತಾಳೆಯಿಲ್ಲ. ಕೆಲವು ಹೊತ್ತು ಸರಿ, ಕೆಲವು ಹೊತ್ತು ತಪ್ಪು.

ರಾಮಲಿಂಗಯ್ಯನವರಿಗೆ ಇದು ಬದುಕಿಡೀ ಕಾದು ಕೂತಿದ್ದ ಗಳಿಗೆ. ಮೊದಲು ಟ್ಯಾಂಕರಿನ ಡ್ರೈವರನ್ನು ಅನುಮಾನಿಸಿದರು. ಕ್ಯಾನು ಏರಿಸುವಾಗ ಅವನ ಹಿಂದೆಯೇ ನಿಂತು, ಅವನು ಬೀಡಿ ಹಚ್ಚಿದರೂ ಬಗ್ಗಿ ನೋಡಿದರು. ಆಮೇಲೆ ಕ್ಯಾನುಗಳನ್ನು ಅನುಮಾನಿಸಿ, ಒಂದೊಂದಕ್ಕೂ ನೀರು ತುಂಬಿ ರಾತ್ರಿಯೆಲ್ಲ ಇಟ್ಟು ಎಲ್ಲಿ ಸೋರುತ್ತದೆ ಎಂದು ನೋಡಿದರು. ಬೆಕ್ಕನ್ನು ಅನುಮಾನಿಸಿದರು. ಅಧ್ಯಕ್ಷ ಬಾಲರಾಜು ಮನೆಯಲ್ಲಿ ಮೂರು ಹೊತ್ತೂ ಮಜ್ಜಿಗೆ ಎಲ್ಲಿಂದ ಬರುತ್ತದೆ ಎಂದು ಅವನ ಹೆಂಡತಿಯನ್ನೇ ಕೇಳಿ ಬೈಸಿಕೊಂಡರು.

ಕೊನೆಗೆ ಬಟವಾಡೆಗೆ ಕೂತ ದಿನ ಅವರ ಕಣ್ಣು ದೊಡ್ಡಲಕ್ಷ್ಮಮ್ಮನ ಹಾಲಿನ ಮೇಲೆ ಬಿತ್ತು. ಆಕೆಯ ಹಟ್ಟಿಯಲ್ಲಿರುವುದು ಒಂದು ಸೀಮೆಹಸು, ಒಂದು ಮುದಿ ಎಮ್ಮೆ. ಕಂಪ್ಯೂಟರಿನ ಪ್ರಕಾರ ಆಕೆ ತಂದ ಹಾಲಿಗೆ ಹಟ್ಟಿ ತುಂಬ ಹಸುಗಳಿರಬೇಕಾಗಿತ್ತು. ತೆಗೆದು ನೋಡಿದರೆ ಅದೇ ದಿನ, ಅದೇ ಹೊತ್ತು, ಅಷ್ಟೇ ಹಾಲು ಎರಡೆರಡು ಸಲ ಬರೆದುಕೊಂಡಿತ್ತು. ಬೇರೆ ಯಾರ ಹೆಸರಿಗೂ ಹಾಗಿಲ್ಲ, ಆಕೆ ಹಾಲು ತರದ ಹೊತ್ತು ಲೆಕ್ಕವೂ ಸರಿಯಿತ್ತು.

ಈ ದೊಡ್ಡಲಕ್ಷ್ಮಮ್ಮ ಯಾರು ಅಂದಿರಾ? ಕಿವಿ ಮಂದ, ಕಣ್ಣು ಚುರುಕು, ಬಾಯಿ ಇನ್ನೂ ಚುರುಕು. ಹಾಲು ಹಾಕಲು ಬಂದಾಗ ಕೌಂಟರಿನ ಮೇಲೆ ಅರ್ಧ ಮೈ ಹಾಕಿ ಕರೀ ಪರದೆಯನ್ನು ಓದುತ್ತಿದ್ದಳು. ಅವಳಿಗಿಂತ ಮುಂಚೆ ಹಾಲು ಹಾಕಿದವರ ಡಿಗ್ರಿ, ಫ್ಯಾಟು ಎಲ್ಲ ಅದರಲ್ಲಿ ಸಾಲಾಗಿ ಕಾಣುತ್ತಿತ್ತು. ಅವಳು ಮನೆ ಸೇರುವುದರೊಳಗೆ ಯಾರ ಹಾಲು ತೆಳ್ಳಗಿದೆ ಎಂಬುದು ಊರಿಗೆಲ್ಲ ಗೊತ್ತಾಗಿರುತ್ತಿತ್ತು. ಅದಕ್ಕೇ ಅವಳು ಬಗ್ಗಿದ ಕೂಡಲೇ ರಾಮಲಿಂಗಯ್ಯನವರು ಮೂಲೆಯ ಗುಣಿಸು ಗುರುತನ್ನು ಒತ್ತಿ ಕರೀ ಪರದೆಯನ್ನು ಮುಚ್ಚಿಬಿಡುತ್ತಿದ್ದರು. ಅವಳು ಹಿಂದೆ ಸರಿದ ಮೇಲೆ ಹೊಸದಾಗಿ ತೆರೆದು, ಮತ್ತೆ ಅವಳ ನಂಬರು ಒತ್ತುತ್ತಿದ್ದರು.

"ಇದ್ಯಾಕಪ್ಪ ರಾಮಲಿಂಗ, ನಿನ್ ಕಂಪ್ಯೂಟ್ರು ನನ್ ಕಂಡ್ರೆ ಹೊಸ ಮದ್ವಣಗಿತ್ತಿ ಹಂಗೆ ಮುಸ್ಕು ಹಾಕ್ಕೊತದೆ?"

"ನೀನ್ ನೋಡೋ ನೋಟಕ್ಕೆ ಕರೆಯೋ ಹಸಾನೂ ಕೆಚ್ಚಲು ಮುಚ್ಕೊತದೆ ಕಣಕ್ಕ. ಸರಿ ಆ ಕಡಿಕ್ಕೆ."

ಇನ್ನೊಂದು ವಿಷಯವಿತ್ತು. ಸ್ಪೀಕರು ಎಲ್ಲರ ಹಾಲನ್ನೂ ಒಂದು ಸಲ ಕೂಗಿದರೆ ದೊಡ್ಡಲಕ್ಷ್ಮಮ್ಮನದನ್ನು ಎರಡು ಸಲ ಕೂಗುತ್ತಿತ್ತು. ಒಂದು ಮುಗಿಯುವ ಮೊದಲೇ ಇನ್ನೊಂದು, ಬಾವಿಯೊಳಗೆ ಕೂಗಿದ ಹಾಗೆ. ಅದು ತನ್ನ ಮಂದ ಕಿವಿಗಾಗಿ ಸರಸಮ್ಮನ ಸೊಸೆ ಮಾಡಿಕೊಟ್ಟ ಅನುಕೂಲ ಎಂದೇ ಆಕೆ ತಿಳಿದಿದ್ದಳು. ಸರಸಮ್ಮನಿಗೆ ಒಂದು ದಿನ ಹೀರೇಕಾಯಿಯನ್ನೂ ತಂದುಕೊಟ್ಟು, "ನಿನ್ ಸೊಸೆಗೆ ದೊಡ್ ಮನ್ಸು ಕಣಮ್ಮಿ, ಮುದುಕಿಗೆ ಅಂತ ಎಲ್ಡ್ ಸಾರಿ ಯೋಳುಸ್ತಾಳೆ" ಎಂದಿದ್ದಳು. ಸರಸಮ್ಮನೂ ಇರಬಹುದು ಎಂದುಕೊಂಡು ಸುಮ್ಮನಾಗಿದ್ದರು. ಮನೆಯಲ್ಲಿ ಸೊಸೆಯನ್ನು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಆ ಹೀರೇಕಾಯಿಯನ್ನು ರಾಮಲಿಂಗಯ್ಯನವರು ನೋಡಿದ್ದರು. ಈಗ ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ಎರಡೆರಡು ಸಲ ಬರೆದುಕೊಂಡ ಹಾಲು ಮುದುಕಿಯದು. ಹಾಲು ಸುರಿಯುವವಳು ಅವಳ ಗೆಳತಿ. ಕಾಣದೆ ಕೆಲಸ ಮಾಡುವ ಪ್ರೋಗ್ರಾಮು ಬರೆದವಳು ಆ ಗೆಳತಿಯ ಸೊಸೆ. ನಡುವೆ ಹೀರೇಕಾಯಿ.

"ಅಮ್ಮಯ್ಯ, ನಾಳೆಯಿಂದ ಬರ್ಬ್ಯಾಡಿ" ಎಂದರು ಸರಸಮ್ಮನಿಗೆ, ಅವರ ಮುಖ ನೋಡದೆ.

"ಯಾಕಣ್ಣ?"

"ಯಾಕೆ ಅಂತ ನಿಮ್ಗೇ ಗೊತ್ತು."

ಸರಸಮ್ಮ ಸ್ಟೂಲನ್ನು ಗೋಡೆಗೆ ಸರಿಸಿಟ್ಟು, ಸೌಟು ತೊಳೆದು ಬೋರಲು ಹಾಕಿ ಮನೆಗೆ ಹೋದರು. ಮಾರನೆಯ ದಿನದಿಂದ ಡೇರಿಯ ಮುಂದಿನ ದಾರಿಯನ್ನೇ ಬಿಟ್ಟು, ಕೆರೆ ಏರಿಯ ಮೇಲಿಂದ ಸುತ್ತಿ ಹೊಲಕ್ಕೆ ಹೋಗತೊಡಗಿದರು. ಊರಿನ ಬಾಯಿಗೆ ಬೇರೆ ಕೆಲಸವಿಲ್ಲ. ನಲ್ಲಿಯ ಹತ್ತಿರ ಸರಸಮ್ಮ ಬಂದರೆ ಮಾತು ನಿಲ್ಲುತ್ತಿತ್ತು. ಹೋದಮೇಲೆ ಮತ್ತೆ ಶುರುವಾಗುತ್ತಿತ್ತು. ಸೊಸೆಯ ಹತ್ತಿರ ಒಂದೇ ಸಲ ಕೇಳಿದರು: "ನಿಜ ಯೋಳವ್ವ, ಅದ್ರಲ್ಲಿ ನೀನೇನಾರಾ ಇಟ್ಟಿದ್ದೀಯಾ?" ಆ ಮಾತು ನವ್ಯಶ್ರೀಗೆ ಊರಿನ ಮಾತಿಗಿಂತ ಹೆಚ್ಚು ನಾಟಿತು. ಅತ್ತೆಯ ಕಣ್ಣಿನಲ್ಲೂ ಅನುಮಾನ ಬಂದು ಕೂತಿತ್ತು.

ಬರೆದದ್ದನ್ನೆಲ್ಲ ಅವಳು ಅಂಗಡಿಯಲ್ಲಿ ಕೂತು ಮತ್ತೆ ಮತ್ತೆ ಓದಿದಳು. ನಡೆಸಿ ನೋಡಿದಳು. ನಂಬರು ಒತ್ತಿದರೆ ಮಗು ಹುಟ್ಟುತ್ತದೆ, ತೂಗುತ್ತದೆ, ಕೂಗುತ್ತದೆ, ಹೋಗುತ್ತದೆ. ತಪ್ಪೇ ಇಲ್ಲ. ಡೇರಿಯ ಕಂಪ್ಯೂಟರನ್ನೇ ನೋಡಬೇಕೆಂದು ಹೋದರೆ ರಾಮಲಿಂಗಯ್ಯನವರು ಬಾಗಿಲಿಗೆ ಅಡ್ಡ ನಿಂತರು.

"ಹಾಲು ಕದ್ದೋರ್ನೇ ಕರ್ದು ಬೀಗದ್ ಕೈ ಕೊಡ್ಲಾ?"

ಭಾನುವಾರ ಕಮಿಟಿ ಸೇರಿ ಸರಸಮ್ಮನನ್ನು ತೆಗೆದು ಹಾಕುವುದು, ಕರೀ ಪರದೆಯನ್ನೂ ತೆಗೆಸುವುದು ಎಂದು ಮಾತಾಗಿತ್ತು. ಅದರ ಹಿಂದಿನ ಸಂಜೆ ನವ್ಯಶ್ರೀ ಬಾಲರಾಜುವನ್ನು ಹಿಡಿದಳು. ಮುಟ್ಟುವುದಿಲ್ಲ, ಬೆಂಚಿನ ಮೇಲೆ ಸುಮ್ಮನೆ ಕೂತು ನೋಡುತ್ತೇನೆ, ಅಷ್ಟಕ್ಕೆ ಅವಕಾಶ ಕೊಡಿಸಿ ಎಂದಳು.

"ಲೇ ರಾಮಲಿಂಗ, ಕೂತ್ಕೊಂಡು ನೋಡುದ್ರೆ ಹಾಲೇನು ಒಡ್ದೋಯ್ತದೇನ್ಲಾ?" ಎಂದ ಬಾಲರಾಜು.

ರಾಮಲಿಂಗಯ್ಯನವರು ಯೋಚಿಸಿದರು. "ಕೂರ್ಲಿ. ಕೈ ಮಡ್ಲಲ್ಲಿ ಇರ್ಬೇಕು."

ಹೀಗೆ ನವ್ಯಶ್ರೀ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಹಾಲಿನವರು ಸಾಲಾಗಿ ಬಂದರು. ನಂಬರು, ತೂಕ, ಕೂಗು. ಅವಳು ಪರದೆಯನ್ನು ನೋಡುತ್ತಿದ್ದರೆ, ರಾಮಲಿಂಗಯ್ಯನವರು ನಂಬರು ಒತ್ತುತ್ತ ಒತ್ತುತ್ತ ಅವಳ ಕೈಯನ್ನೇ ನೋಡುತ್ತಿದ್ದರು. ಸಾಲಿನಲ್ಲಿದ್ದವರು ಇಬ್ಬರನ್ನೂ ನೋಡುತ್ತಿದ್ದರು.

ದೊಡ್ಡಲಕ್ಷ್ಮಮ್ಮ ಬಂದಳು. ರಾಮಲಿಂಗಯ್ಯನವರು ಅವಳ ನಂಬರು ಒತ್ತಿದರು. ಅವಳು ಕೌಂಟರಿನ ಮೇಲೆ ಮೈ ಹಾಕಿ, "ಅನಂತರಾಜು ಹಾಲು ಇವತ್ತೂ ನೀರು ಕಣ್ರಪ್ಪೋ" ಎಂದಳು. ಇವರು ಫಟಕ್ಕನೆ ಪರದೆ ಮುಚ್ಚಿದರು. "ಸರಿ ಆ ಕಡಿಕ್ಕೆ!" ಅವಳು ಸರಿದಳು. ಪರದೆ ತೆರೆದು ಮತ್ತೆ ನಂಬರು ಒತ್ತಿದರು. ಹಾಲು ಬಿತ್ತು. ಸ್ಪೀಕರು ಕೂಗಿತು. ಅದರ ಬೆನ್ನಿಗೇ ಇನ್ನೊಂದು ಸಲ ಕೂಗಿತು.

ನವ್ಯಶ್ರೀ ಎದ್ದು ನಿಂತಳು.

"ಮಾವ, ಈಗೇನು ಮಾಡುದ್ರಿ?"

"ಕೈ! ಕೈ ಮಡ್ಲಲ್ಲಿ!" ಎಂದರು ಅವರು. "ನಾನೇನ್ ಮಾಡ್ದೆ? ಹಾಲು ಬರಕೊಂಡೆ."

"ಅದುಕ್ ಮುಂಚೆ. ಪರದೆ ಮುಚ್ಚುದ್ರಲ್ಲ."

"ಮುಚ್ದೆ. ಯಾವಾಗ್ಲೂ ಮುಚ್ತೀನಿ. ಈವಮ್ಮ ಬಗ್ಗಿ ಇಣುಕುದ್ರೆ ಮುಚ್ದೆ ಇನ್ನೇನು ಆರ್ತಿ ಎತ್ಲಾ?"

"ಬ್ಯಾರೆಯವ್ರು ಬಂದ್ರೆ?"

"ಬ್ಯಾರೆಯವ್ರು ಇಣುಕಾಕಿಲ್ಲ. ಮುಚ್ಚಾಕಿಲ್ಲ."

ನವ್ಯಶ್ರೀ ಮತ್ತೆ ಬೆಂಚಿನ ಮೇಲೆ ಕೂತಳು. ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ತಾಯಿಯನ್ನು ನಡುವೆ ಮುಚ್ಚಿದರೆ ಕಳಿಸಿದ ಮಗುವೂ ಅದರ ಜೊತೆಗೇ ಹೋಗಿಬಿಡುತ್ತದೆ ಎಂದು ಅವಳು ನಂಬಿದ್ದಳು. ಅಂಗಡಿಯಲ್ಲಿ ನಡೆಸಿ ನೋಡುವಾಗ ನಡುವೆ ಮುಚ್ಚಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಹಾಲು ತೂಗುವಾಗ ಪರದೆ ಮುಚ್ಚುವ ಮನುಷ್ಯ ಇರುತ್ತಾನೆಂದು ಯಾರು ನೆನೆಯುತ್ತಾರೆ? ಆದರೆ ಕಿಟಕಿಯಿಲ್ಲದ ಆ ಮಗುವಿಗೆ ತಾಯಿಯ ಕಿಟಕಿ ಮುಚ್ಚಿದ ಸುದ್ದಿಯೇ ಮುಟ್ಟುವುದಿಲ್ಲ. ಅದು ಹೇಳಿದ ಮಾತಿಗೆ ತಪ್ಪದೆ, ಮುದುಕಿಯ ನಂಬರು ಹಿಡಿದುಕೊಂಡು ತಕ್ಕಡಿಯ ಹತ್ತಿರ ಕಾದೇ ಇರುತ್ತದೆ. ಹೊಸ ತಾಯಿ ಅದೇ ನಂಬರಿಗೆ ಹೊಸ ಮಗುವನ್ನು ಕಳಿಸುತ್ತದೆ. ಹಾಲು ಬಿದ್ದಾಗ ಎರಡೂ ಬರೆದುಕೊಳ್ಳುತ್ತವೆ, ಎರಡೂ ಕೂಗುತ್ತವೆ, ಎರಡೂ ಮಾಯವಾಗುತ್ತವೆ.

ಇದನ್ನು ಅವಳು ಹೇಳಿದಾಗ ರಾಮಲಿಂಗಯ್ಯನವರ ಕಣ್ಣು ಸಣ್ಣಗಾಯಿತು.

"ಚೆನ್ನಾಗೈತೆ. ಅಂದ್ರೆ ಕಳ್ಳ ನಾನು."

"ಕಳ್ಳ ಅನ್ನಲಿಲ್ಲ ಮಾವ. ತಪ್ಪು ನಂದೇ. ತಾಯಿ ಹೋಯ್ತಿದ್ದಂಗೆ ಮಕ್ಳೂ ಎದ್ದು ಬರ್ಬೇಕು ಅಂತ ನಾನು ಬರೀಬೇಕಾಗಿತ್ತು."

"ಈಗ ಇಲ್ಲಿ ಕೂತಿದ್ದಾಗ್ಲೇ ಏನೋ ಮಾಡ್ಬುಟ್ಟಿದ್ದೀಯ ನೀನು."

"ಕೈ ಮಡ್ಲಲ್ಲೇ ಇತ್ತಲ್ಲ, ನೀವೇ ನೋಡ್ತಿದ್ರಲ್ಲ!"

ಅದು ನಿಜ. ಅದೇ ಅವರಿಗೆ ದೊಡ್ಡ ತೊಡಕಾಯಿತು.

"ನನ್ ಮೇಲೆ ನಂಬ್ಕೆ ಬ್ಯಾಡ" ಎಂದಳು ನವ್ಯಶ್ರೀ. "ಎಲ್ರೂ ಹೊರಗ್ ಹೋಯ್ತೀವಿ. ಬಾಗ್ಲು ಹಾಕ್ಕೊಳಿ. ನಿಮ್ ನಂಬ್ರನ್ನೇ ಒತ್ತಿ, ನೀವೇ ಮುಚ್ಚಿ, ನೀವೇ ತೆಗ್ದು ಇನ್ನೊಂದ್ ಸಲ ಒತ್ತಿ. ಕ್ಯಾನಲ್ಲಿ ಹಾಲಿಲ್ದೆ ಇದ್ರೆ ನೀರು ಹಾಕಿ."

ತನ್ನ ಹೊರತು ಯಾರೂ ಇಲ್ಲದ ಪರೀಕ್ಷೆ! ರಾಮಲಿಂಗಯ್ಯನವರಿಗೆ ಇದಕ್ಕಿಂತ ಇಷ್ಟವಾದದ್ದು ಇನ್ನೇನಿದ್ದೀತು? ಎಲ್ಲರನ್ನೂ ಹೊರಗೆ ಕಳಿಸಿ, ಬೆಂಚಿನ ಕೆಳಗೆ ಬಗ್ಗಿ ನೋಡಿ, ಕಿಟಕಿ ಮುಚ್ಚಿ, ಅಗುಳಿ ಹಾಕಿಕೊಂಡರು.

ಹೊರಗೆ ಹಾಲಿನ ಕ್ಯಾನು ಹಿಡಿದು ಊರೇ ನಿಂತಿತ್ತು. ಸುದ್ದಿ ಹೇಗೆ ಮುಟ್ಟಿತೋ, ಸರಸಮ್ಮನೂ ಬಂದು ಎದುರು ಜಗುಲಿಯ ಕಂಬದ ಮರೆಯಲ್ಲಿ ನಿಂತಿದ್ದರು. ಒಳಗೆ ನೀರು ಸುರಿದ ಸದ್ದಾಯಿತು. ಸ್ಪೀಕರು ಕೂಗಿತು: "ರಾಮಲಿಂಗಯ್ಯ." ಒಂದೇ ಸಲ. ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮೊದ್ಲು ಮುಚ್ದೆ ನೋಡಿರ್ತಾರೆ" ಎಂದಳು ನವ್ಯಶ್ರೀ.

ಮತ್ತೆ ನೀರು ಸುರಿದ ಸದ್ದು. "ರಾಮಲಿಂಗಯ್ಯ." ಅದು ಮುಗಿಯುವ ಮೊದಲೇ "ರಾಮಲಿಂಗಯ್ಯ." ಬಾವಿಯೊಳಗೆ ಕೂಗಿದ ಹಾಗೆ.

ಒಳಗೆ ಬೆಂಚು ಸರಿಸಿದ ಸದ್ದಾಯಿತು. ಆಮೇಲೆ ಮತ್ತೆ ನೀರು. ಮತ್ತೆ ಎರಡು ಸಲ ಅವರದೇ ಹೆಸರು.

"ಇನ್ನೂ ಅನ್ಮಾನ ತೀರಿಲ್ಲ ಕಣ್ಲಾ ಅವ್ನಿಗೆ" ಎಂದ ಬಾಲರಾಜು. ಜನ ನಗತೊಡಗಿದರು. "ಲೇ ರಾಮಲಿಂಗ, ಆಚಿಕ್ ಬಾ. ಕೆರೆ ನೀರೆಲ್ಲ ತೂಗ್ಬುಡ್ತೀಯ ಈಗ."

ಅಗುಳಿ ತೆಗೆದು ಹೊರಗೆ ಬಂದ ರಾಮಲಿಂಗಯ್ಯನವರ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಮೊದಲು ಮಾತಾಡಿದ್ದು ನವ್ಯಶ್ರೀ ಹತ್ತಿರ.

"ಆ ನೀರ್ನೆಲ್ಲ ನನ್ ಹೆಸ್ರಿಂದ ತಗುದ್ ಹಾಕವ್ವ, ಈಗ್ಲೇ. ಆಮ್ಯಾಕೆ ಯಾವನಾರಾ ಸೆಕ್ರೆಟ್ರಿನೇ ಡೇರಿಗೆ ನೀರ್ ಹಾಕ್ದ ಅಂತಾನೆ."

"ಹಾಕುದ್ರಲ್ಲ ಮಾವ, ಊರೆಲ್ಲ ಕೇಳುಸ್ಕೊಂಡೈತೆ" ಎಂದಳು ಅವಳು.

ಅವರು ಒದ್ದೆ ಪಂಚೆ ಎತ್ತಿ ಕಟ್ಟಿದರು. ಬೀದಿ ದಾಟಿ ಎದುರು ಜಗುಲಿಗೆ ಹೋದರು. ಕಂಬದ ಮರೆಯಲ್ಲಿ ಸರಸಮ್ಮ ನಿಂತಿದ್ದರು. ತಪ್ಪಾಯಿತು ಎಂಬ ಮಾತು ರಾಮಲಿಂಗಯ್ಯನವರ ಬಾಯಿಂದ ಯಾವತ್ತೂ ಬಂದದ್ದಲ್ಲ, ಅವತ್ತೂ ಬರಲಿಲ್ಲ. ಅವರು ಸುಮ್ಮನೆ ಎರಡೂ ಕೈಯನ್ನು ಮುಂದೆ ಚಾಚಿ ಅಂಗೈ ಬಿಚ್ಚಿ ತೋರಿಸಿದರು. ಒದ್ದೆ ಅಂಗೈ, ಏನೂ ಇಲ್ಲ.

ಸರಸಮ್ಮನಿಗೆ ಗೂಡಿನ ಮಾರುಕಟ್ಟೆಯ ಕತೆ ಗೊತ್ತಿತ್ತು. ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಸ್ವಲ್ಪ ಹೊತ್ತು ಆ ಕೈಗಳನ್ನು ನೋಡಿದರು. "ನನ್ ಸ್ಟೂಲ್ ಎಲ್ಲಿ ಇಕ್ಕಿದ್ದೀರಣ್ಣ?" ಎಂದರು.

"ನೀವ್ ಇಟ್ಟ ಜಾಗ್ದಲ್ಲೇ ಐತೆ. ಯಾರ್ನೂ ಮುಟ್ಟಕ್ ಬುಟ್ಟಿಲ್ಲ."

ನವ್ಯಶ್ರೀ ಆ ರಾತ್ರಿಯೇ ಪ್ರೋಗ್ರಾಮು ತಿದ್ದಿದಳು. ಈಗ ತಾಯಿ ಮುಚ್ಚಿದರೆ ಮಕ್ಕಳೂ ಆ ಕ್ಷಣವೇ ಮುಗಿಯುತ್ತವೆ. ಹೆಚ್ಚಿಗೆ ಬಿದ್ದ ಹಾಲನ್ನು ದೊಡ್ಡಲಕ್ಷ್ಮಮ್ಮನ ಹೆಸರಿನಿಂದ ಕಳೆದರು. ರಾಮಲಿಂಗಯ್ಯನವರು ಸಂಜೆ ಡೇರಿಗೆ ಬೀಗ ಹಾಕುವ ಮೊದಲು, ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ತೋರಿಸುವ ಕಿಟಕಿಯನ್ನು ತೆರೆದು, ಮೇಲಿಂದ ಕೆಳಗೆ ಒಂದೊಂದನ್ನೂ ಓದುವುದನ್ನು ಕಲಿತಿದ್ದಾರೆ. ಯಾವುದು ಏನೆಂದು ಅರ್ಥವಾಗುವುದಿಲ್ಲ. ಹೊಸ ಹೆಸರು ಕಂಡರೆ ನವ್ಯಶ್ರೀಗೆ ಫೋನು ಹೋಗುತ್ತದೆ: "ಇವ್ನು ಯಾರವ್ವ? ನಿನ್ನೆ ಇರ್ಲಿಲ್ಲ."

ಆದರೆ ದೊಡ್ಡಲಕ್ಷ್ಮಮ್ಮನಿಗೆ ಸಮಾಧಾನವಿಲ್ಲ. ಎಷ್ಟು ಹೇಳಿದರೂ ಆಕೆ ನಂಬಿಲ್ಲ. ಮಿಷೀನು ಈಗ ಅವಳ ಹಾಲನ್ನು ಒಂದೇ ಸಲ ಕೂಗುತ್ತದೆ, ಅದೂ ಅವಳ ಕಿವಿಗೆ ಅರ್ಧ ಬೀಳುತ್ತದೆ. ತನಗಿದ್ದ ಅನುಕೂಲವನ್ನು ರಾಮಲಿಂಗನೇ ಹಟ ಸಾಧಿಸಿ ತೆಗೆಸಿದ್ದಾನೆ, ಕೇಳಿಸದ ಅರ್ಧದಲ್ಲಿ ಹಾಲು ಹೊಡೆಯುತ್ತಿದ್ದಾನೆ ಎಂದು ನಲ್ಲಿಯ ಹತ್ತಿರ ಹೇಳುತ್ತಾಳೆ. ಹಾಲು ಹಾಕುವಾಗ ಮೊದಲಿಗಿಂತ ಹೆಚ್ಚು ಬಗ್ಗಿ ಇಣುಕುತ್ತಾಳೆ.

ಅದಕ್ಕೇ ಸ್ಪೀಕರು ಕೂಗಿ ನಿಂತ ಮೇಲೆ, ಸರಸಮ್ಮ ಸ್ಟೂಲಿನಿಂದ ಅರ್ಧ ಎದ್ದು, ಮುದುಕಿಯ ಕಿವಿಗೆ ಬಾಯಿಟ್ಟು ಅವಳ ಹೆಸರನ್ನೂ ಲೀಟರನ್ನೂ ಇನ್ನೊಂದು ಸಲ ಕೂಗಿ ಹೇಳುತ್ತಾರೆ. ಆ ಎರಡನೆಯ ಕೂಗು ಕೇಳಿದಾಗಲೆಲ್ಲ ರಾಮಲಿಂಗಯ್ಯನವರು ಬೆಚ್ಚಿ ಪರದೆಯ ಕಡೆ ನೋಡುತ್ತಾರೆ. ಆಮೇಲೆ ಸರಸಮ್ಮನ ಕಡೆ ನೋಡುತ್ತಾರೆ. ಸರಸಮ್ಮ ಸೌಟನ್ನು ಕ್ಯಾನಿನ ಬಾಯಿಗೆ ತೂಗುಹಾಕಿ, ಎರಡೂ ಅಂಗೈ ಬಿಚ್ಚಿ ಅವರಿಗೆ ತೋರಿಸುತ್ತಾರೆ.